ನಾಲ್ಕು ತಿಂಗಳ ಮಗು ಮತ್ತು ಎಲೆಕ್ಟ್ರಿಕಲ್ ಸೀಟು

ಮಾರ್ಚ್ 8 ಬಂತು ಅಂದ್ರೆ ಇಂಜಿನಿಯರಿಂಗ್ ಕಾಲೇಜುಗಳ ಇನ್‌ಸ್ಟಾಗ್ರಾಂ ಪೇಜುಗಳಲ್ಲಿ ಒಂದು ಕಪ್ಪು ಬಿಳುಪು ಫೋಟೋ ಓಡಾಡುತ್ತೆ. ಕೆಳಗೆ ಭಾರತದ ಮೊದಲ ಮಹಿಳಾ ಇಂಜಿನಿಯರ್ ಎ. ಲಲಿತಾ ಅಂತ ಬರೆದಿರುತ್ತೆ. ನಾವು ಲೈಕ್ ಒತ್ತಿ ಮುಂದಿನ ರೀಲ್‌ಗೆ ಹೋಗಿಬಿಡ್ತೀವಿ. ಆ ಪೋಸ್ಟರಿನಲ್ಲಿ ಒಂದೇ ಸಾಲಿನಲ್ಲಿ ಮುಗಿಸಿಬಿಡುವ, ಕೆಲವೊಮ್ಮೆ ಪೂರ್ತಿ ಬಿಟ್ಟೇ ಬಿಡುವ ಸಂಗತಿ ಒಂದಿದೆ. ಇಂಜಿನಿಯರಿಂಗ್ ಕ್ಲಾಸಿಗೆ ಕಾಲಿಡುವ ಮೊದಲೇ ಲಲಿತಾ ಒಂದು ಮಗುವಿನ ತಾಯಿಯಾಗಿದ್ದರು. ತಾಯಿಯಾದದ್ದು ಹದಿನೆಂಟರ ಆಸುಪಾಸಿನಲ್ಲಿ, ಅಂದರೆ ನಮ್ಮ ಫಸ್ಟ್ ಇಯರ್ ವಯಸ್ಸಿನಲ್ಲಿ. ಆ ಮಗುವಿನಿಂದಾಗಿ ಅವರ ಬದುಕಿನ ಉಳಿದ ಸಂಬಂಧಗಳೆಲ್ಲ ಹೇಗೆ ತಿರುಗಿಕೊಂಡವು ಅನ್ನೋದು ನನಗೆ ಆ ಮೊದಲ ಸ್ಥಾನಕ್ಕಿಂತ ದೊಡ್ಡ ಕಥೆ ಅನಿಸುತ್ತೆ. ಅದಕ್ಕೇ ಈ ಲೇಖನ.

ಅಯ್ಯಲಸೋಮಯಾಜುಲ ಲಲಿತಾ ಹುಟ್ಟಿದ್ದು 1919ರ ಆಗಸ್ಟ್ 27ರಂದು, ಮದರಾಸಿನ ಒಂದು ಮಧ್ಯಮವರ್ಗದ ತೆಲುಗು ಮನೆಯಲ್ಲಿ. ಏಳು ಮಕ್ಕಳಲ್ಲಿ ಐದನೆಯವರು. ತಂದೆ ಪಪ್ಪು ಸುಬ್ಬಾರಾವ್ ಗಿಂಡಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಪ್ರೊಫೆಸರ್. 1794ರಲ್ಲಿ ಸರ್ವೆ ಶಾಲೆಯಾಗಿ ಶುರುವಾದ ಕಾಲೇಜು ಅದು. ನಮ್ಮ ಬೆಂಗಳೂರಿನ ಯುವಿಸಿಇ ಶುರುವಾದದ್ದು 1917ರಲ್ಲಿ ಅಂತ ನೆನಪಿಟ್ಟುಕೊಂಡರೆ ಗಿಂಡಿ ಎಷ್ಟು ಹಳೆಯದು ಅಂತ ಅಂದಾಜಾಗುತ್ತೆ. ಇಂಥ ಮನೆಯಲ್ಲಿ ಗಂಡು ಮಕ್ಕಳು ಇಂಜಿನಿಯರ್ ಆದರು, ಹೆಣ್ಣು ಮಕ್ಕಳಿಗೆ ಒಂದಷ್ಟು ಓದಿಸಿ ಮದುವೆ ಮಾಡಿದರು. ಪ್ರೊಫೆಸರ್ ಮನೆ, ಪುಸ್ತಕಗಳ ಮನೆ, ಆದ್ರೂ ಹಾಗೇ.

ಲಲಿತಾಗೆ ಮದುವೆಯಾದಾಗ 15 ವರ್ಷ. ನಮಗೆ ಇದು ಕೇಳಿದ ಕೂಡಲೇ ಕಾನೂನುಬಾಹಿರ ಅನಿಸುತ್ತೆ, ಆದರೆ ಆಗ ಅಲ್ಲ. ಶಾರದಾ ಕಾಯ್ದೆ ಅಂತ ಕರೆಯುವ ಬಾಲ್ಯವಿವಾಹ ತಡೆ ಕಾನೂನು 1929ರಲ್ಲಿ ಪಾಸಾಗಿ 1930ರ ಏಪ್ರಿಲ್‌ನಿಂದ ಜಾರಿಗೆ ಬಂತು. ಅದರಲ್ಲಿ ಹುಡುಗಿಗೆ ಕನಿಷ್ಠ ವಯಸ್ಸು 14. ಹಾಗಾಗಿ ಈ ಮದುವೆ ಸರ್ಕಾರದ ಲೆಕ್ಕದಲ್ಲಿ ಪೂರ್ತಿ ಸರಿಯಾದದ್ದೇ. ತಂದೆ ಒಂದು ವಿಷಯದಲ್ಲಿ ಮಾತ್ರ ಹಟ ಹಿಡಿದರು: ಮದುವೆಯಾದರೂ ಮಗಳು ಹತ್ತನೇ ಕ್ಲಾಸಿನವರೆಗೆ ಓದಬೇಕು. ಓದಿದರು. ಅಲ್ಲಿಗೆ ಓದು ಮುಗಿದ ಹಾಗೇ ಇತ್ತು.

1937ರಲ್ಲಿ ಮಗಳು ಹುಟ್ಟಿದಳು. ಮಗುವಿಗೆ ನಾಲ್ಕು ತಿಂಗಳಾಗಿದ್ದಾಗ ಲಲಿತಾ ಅವರ ಗಂಡ ತೀರಿಕೊಂಡರು. ಹದಿನೆಂಟಕ್ಕೆ ಅವರು ಹೆಂಡತಿ, ತಾಯಿ, ವಿಧವೆ ಮೂರೂ ಆಗಿ ಮುಗಿದಿತ್ತು.

ಮೊದಲು ಮುರಿದದ್ದು ಅತ್ತೆಯ ಜೊತೆಗಿನ ಸಂಬಂಧ. ತೀರಿಕೊಂಡ ಮಗ ಆ ಅತ್ತೆಗೆ 16ನೇ ಮಗುವಂತೆ. ಆ ಸಂಕಟವನ್ನೆಲ್ಲ ಆಕೆ ಎಳೆ ವಯಸ್ಸಿನ ಸೊಸೆಯ ಮೇಲೆ ತೀರಿಸಿಕೊಂಡರು. ನಾವು ಸೀರಿಯಲ್‌ಗಳಲ್ಲಿ ನೋಡುವ ಅತ್ತೆ ಪಾತ್ರದ ಥರ ಇದನ್ನ ಓದಿ ಬಿಟ್ಟುಬಿಡಬಹುದು. ಆದ್ರೆ ಒಂದು ಸಲ ಲೆಕ್ಕ ಹಾಕಿ ನೋಡಿ. 16 ಮಕ್ಕಳನ್ನು ಹೆರಬೇಕು ಅಂದ್ರೆ ಆ ಅತ್ತೆ ಹೆರಲು ಶುರು ಮಾಡಿದ್ದು ಯಾವ ವಯಸ್ಸಿಗೆ ಇರಬೇಕು? ಬಹುಶಃ ಆಕೆಯೂ ಹದಿಹರೆಯದಲ್ಲೇ ತಾಯಿಯಾದವರು. ಒಂದೇ ಮನೆಯಲ್ಲಿ ಇಬ್ಬರು ತಾಯಂದಿರು, ಒಬ್ಬರಿಗೆ ಹೋದದ್ದು ಮಗ, ಇನ್ನೊಬ್ಬರಿಗೆ ಗಂಡ, ಅದೂ ಒಂದೇ ಸಾವಿನಲ್ಲಿ. ಇಬ್ಬರೂ ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ತಲೆಯಿಟ್ಟು ಅಳಬಹುದಿತ್ತು. ಹಾಗಾಗಲಿಲ್ಲ. ಲಲಿತಾ ಅವರ ಮಗಳು ದೊಡ್ಡವರಾದ ಮೇಲೆ ಈ ವಿಷಯ ಮಾತಾಡಿದಾಗ ಅಜ್ಜಿಯನ್ನು ಬೈಯಲಿಲ್ಲ, ಅದು ಆಕೆ ದುಃಖ ತಡೆದುಕೊಂಡ ರೀತಿ ಅಂತಲೇ ಅರ್ಥ ಮಾಡಿಕೊಂಡರು. ಆ ದೊಡ್ಡತನ ಎಲ್ಲರಿಗೂ ಬರೋದಿಲ್ಲ.

ಲಲಿತಾ ಮಗುವನ್ನೆತ್ತಿಕೊಂಡು ತವರಿಗೆ ಬಂದರು.

ಇಲ್ಲಿ ಸ್ವಲ್ಪ ಕಾನೂನಿನ ಕಡೆ ಹೋಗಿ ಬರೋಣ, ಯಾಕಂದ್ರೆ ಇದನ್ನ ಓದಿದಾಗ ನನಗೆ ನಿಜವಾಗಲೂ ಆಶ್ಚರ್ಯ ಆಯ್ತು. ವಿಧವೆ ಮತ್ತೆ ಮದುವೆಯಾಗಬಹುದು ಅಂತ ಹೇಳುವ ಕಾನೂನು 1856ರಲ್ಲೇ ಬಂದಿತ್ತು, ನಮಗೆ ಈಶ್ವರಚಂದ್ರ ವಿದ್ಯಾಸಾಗರರ ಪಾಠದಲ್ಲಿ ಬರುತ್ತಲ್ಲ, ಅದು. ತೆಲುಗು ನಾಡಿನಲ್ಲೇ ಕಂದುಕೂರಿ ವೀರೇಶಲಿಂಗಂ 1881ರಲ್ಲಿ ರಾಜಮಹೇಂದ್ರಿಯಲ್ಲಿ ವಿಧವಾ ವಿವಾಹ ಮಾಡಿಸಿದ್ದರು. ಅಂದರೆ 1937ಕ್ಕೆ ಇದು ಹೊಸ ವಿಚಾರವೇನಲ್ಲ. ಆದರೆ 1856ರ ಆ ಕಾನೂನಿನೊಳಗೆ ಎರಡು ಕಂಡೀಷನ್ ಇದ್ದವು. ಮತ್ತೆ ಮದುವೆಯಾದ ವಿಧವೆ ಸತ್ತ ಗಂಡನ ಆಸ್ತಿಯಲ್ಲಿದ್ದ ಹಕ್ಕನ್ನು ಕಳೆದುಕೊಳ್ಳುತ್ತಾಳೆ. ಮತ್ತೊಂದು ಇನ್ನೂ ಗಟ್ಟಿಯಾದದ್ದು: ಗಂಡ ತನ್ನ ಉಯಿಲಿನಲ್ಲಿ ಅವಳನ್ನೇ ಪೋಷಕಿ ಅಂತ ಬರೆದಿಡದಿದ್ದರೆ, ಅವಳು ಮರುಮದುವೆಯಾದಾಗ ಗಂಡನ ಕಡೆಯವರು ಕೋರ್ಟಿಗೆ ಹೋಗಿ ಮಕ್ಕಳಿಗೆ ಬೇರೆ ಪೋಷಕರನ್ನು ನೇಮಿಸಿ ಅಂತ ಕೇಳಬಹುದು. ಮಕ್ಕಳಿಲ್ಲದ ವಿಧವೆಗೆ ಈ ಎರಡನೇ ಭಯ ಇಲ್ಲ. ಮಗುವಿರುವವಳಿಗೆ ಇದೆ. ವಿಚಿತ್ರ ಅಂದ್ರೆ, ವಿಧವೆಗೆ ಗಂಡನ ಆಸ್ತಿಯಲ್ಲಿ ಪಾಲು ಕೊಡುವ ಕಾನೂನು ಬಂದದ್ದೂ ಅದೇ 1937ರಲ್ಲಿ. ಒಂದು ಕಾನೂನು ಕೊಟ್ಟದ್ದನ್ನ, ಮತ್ತೆ ಮದುವೆಯಾದರೆ ಇನ್ನೊಂದು ಕಾನೂನು ಕಿತ್ತುಕೊಳ್ಳುತ್ತಿತ್ತು. ಲಲಿತಾ ಇದನ್ನೆಲ್ಲ ಕೂತು ಓದಿ ತೀರ್ಮಾನ ಮಾಡಿದರು ಅಂತ ನಾನು ಹೇಳ್ತಿಲ್ಲ. ಮಡಿಲಲ್ಲಿ ಮಗುವಿದ್ದ ಹುಡುಗಿಗೆ ಮದುವೆ ಅನ್ನೋ ಬಾಗಿಲು ಬರೀ ಊರಿನವರ ಮಾತಿನಿಂದ ಮಾತ್ರ ಮುಚ್ಚಿರಲಿಲ್ಲ ಅಂತ ಹೇಳ್ತಿದ್ದೇನೆ.

ಈಗ ಓದಿನ ವಿಷಯ. ತವರಿನಲ್ಲಿ ಕೂತು ಕಾಲ ಕಳೆಯುವುದು ಬೇಡ, ತನ್ನ ಕಾಲ ಮೇಲೆ ನಿಲ್ಲುವಂಥದ್ದು ಏನಾದರೂ ಕಲಿಯಬೇಕು ಅಂತ ಲಲಿತಾ ನಿರ್ಧಾರ ಮಾಡಿದರು. ಕ್ವೀನ್ ಮೇರೀಸ್ ಕಾಲೇಜಿಗೆ ಸೇರಿ ಇಂಟರ್‌ಮೀಡಿಯೆಟ್ ಫಸ್ಟ್ ಕ್ಲಾಸಿನಲ್ಲಿ ಪಾಸಾದರು. ಆಗ ಚೆನ್ನಾಗಿ ಓದುವ ಹೆಣ್ಣುಮಗಳಿಗೆ ಮುಂದಿದ್ದ ದಾರಿ ಮೆಡಿಕಲ್. ಮದರಾಸಿನಲ್ಲಿ ಮುತ್ತುಲಕ್ಷ್ಮಿ ರೆಡ್ಡಿ 1912ರಲ್ಲೇ ಡಾಕ್ಟರ್ ಆಗಿದ್ದರು, ವೆಲ್ಲೂರಿನಲ್ಲಿ ಹೆಣ್ಣುಮಕ್ಕಳಿಗೆಂದೇ ಮೆಡಿಕಲ್ ಶಾಲೆ 1918ರಿಂದ ನಡೆಯುತ್ತಿತ್ತು. ಆ ದಾರಿಯಲ್ಲಿ ಹೋಗಿದ್ದರೆ ಯಾರ ಪರ್ಮಿಷನ್ನೂ ಕೇಳಬೇಕಾಗಿರಲಿಲ್ಲ.

ಲಲಿತಾ ಮೆಡಿಕಲ್ ಬೇಡ ಅಂದರು. ಕಾರಣ ಮಗು. ಡಾಕ್ಟರ್ ಅಂದ್ರೆ ಮಧ್ಯರಾತ್ರಿ ಬಾಗಿಲು ಬಡಿದರೂ ಎದ್ದು ಹೋಗಬೇಕು. ಮಗುವನ್ನು ಬಿಟ್ಟು ಹಾಗೆ ಹೋಗಲು ಅವರಿಗೆ ಇಷ್ಟವಿರಲಿಲ್ಲ. ಬೆಳಗ್ಗೆ ಹೋಗಿ ಸಂಜೆ ಮನೆಗೆ ಬರುವಂಥ ಕೆಲಸ ಬೇಕಿತ್ತು. ಅಪ್ಪ, ಅಣ್ಣಂದಿರು ಮಾಡುತ್ತಿದ್ದ ಕೆಲಸ ಅಂಥದ್ದು. ಹಾಗೆ ಇಂಜಿನಿಯರಿಂಗ್.

ಇದನ್ನ ಇನ್ನೊಂದು ಸಲ ಓದಿ ದಯವಿಟ್ಟು. ಈಗ ಕ್ಯಾಂಪಸ್ ಪ್ಲೇಸ್‌ಮೆಂಟ್‌ಗೆ ಬರುವ ಕಂಪನಿಯವರು, ನೆಂಟರಿಷ್ಟರು, ಕೆಲವು ಸಲ ನಮ್ಮ ಕ್ಲಾಸಿನ ಹುಡುಗರೂ ಹೇಳೋದು ಏನು? ಕೋರ್ ಬ್ರಾಂಚ್ ಹುಡುಗಿಯರಿಗೆ ಕಷ್ಟ, ಮದುವೆ ಮಕ್ಕಳು ಆದ್ಮೇಲೆ ಆಗಲ್ಲ ಅಂತ. ಈ ದೇಶದಲ್ಲಿ ಎಲೆಕ್ಟ್ರಿಕಲ್ ಕೋರ್ ಬ್ರಾಂಚಿಗೆ ಕಾಲಿಟ್ಟ ಮೊದಲ ಹುಡುಗಿ ಆ ಬ್ರಾಂಚ್ ಆರಿಸಿಕೊಂಡದ್ದೇ ಮಗುವಿದೆ ಅನ್ನೋ ಕಾರಣಕ್ಕೆ.

ಆರಿಸಿಕೊಂಡರೆ ಸಾಕಾ, ಸೀಟು ಬೇಕಲ್ಲ. ಗಿಂಡಿಯಲ್ಲಿ ಅದುವರೆಗೆ ಒಬ್ಬ ಹುಡುಗಿಯೂ ಓದಿರಲಿಲ್ಲ. ತಂದೆ ಸುಬ್ಬಾರಾವ್ ಪ್ರಿನ್ಸಿಪಾಲ್ ಕೆ.ಸಿ. ಚಾಕೋ ಅವರ ಹತ್ತಿರ ಮಾತಾಡಿದರು, ಪ್ರೆಸಿಡೆನ್ಸಿಯ ಸಾರ್ವಜನಿಕ ಶಿಕ್ಷಣ ನಿರ್ದೇಶಕರಾಗಿದ್ದ ಆರ್.ಎಂ. ಸ್ಟ್ಯಾಥಮ್ ಅವರವರೆಗೂ ಹೋದರು. ಇಬ್ಬರೂ ಒಪ್ಪಿದರು. ನಾಲ್ಕು ವರ್ಷದ ಎಲೆಕ್ಟ್ರಿಕಲ್ ಕೋರ್ಸಿಗೆ ಲಲಿತಾ ಸೇರಿದರು.

ಇಲ್ಲಿ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ನಾನೂ ಪೋಸ್ಟರ್ ಬರೆದ ಹಾಗಾಗುತ್ತೆ. ಆ ಸೀಟು ಸಿಕ್ಕಿದ್ದು ಅಪ್ಪ ಅದೇ ಕಾಲೇಜಿನ ಪ್ರೊಫೆಸರ್ ಆಗಿದ್ದರಿಂದ. ಆ ವರ್ಷ ಮದರಾಸು ಪ್ರೆಸಿಡೆನ್ಸಿಯಲ್ಲಿ ಲಲಿತಾರಷ್ಟೇ ಚುರುಕಾದ, ಅವರ ಹಾಗೇ ಮಡಿಲಲ್ಲಿ ಕೂಸಿದ್ದ ಹದಿನೆಂಟರ ವಿಧವೆಯರು ಇನ್ನೆಷ್ಟು ಜನ ಇದ್ದಿರಬಹುದು. ಅವರ ಅಪ್ಪಂದಿರು ಪ್ರಿನ್ಸಿಪಾಲ್ ಚೇಂಬರಿನ ಬಾಗಿಲು ತಟ್ಟುವ ಸ್ಥಿತಿಯಲ್ಲಿರಲಿಲ್ಲ. ಇದನ್ನ ಹೇಳಿದರೆ ಲಲಿತಾ ಅವರ ಸಾಧನೆ ಕಡಿಮೆಯಾಗುತ್ತೆ ಅಂತ ನನಗನ್ನಿಸಲ್ಲ. ಎಂ. ವಿಶ್ವೇಶ್ವರಯ್ಯನವರು ದೀಪದ ಬೆಳಕಲ್ಲಿ ಓದಿದರು ಅಂತ ಹೇಳುವಾಗ ದೀಪ ಹಚ್ಚಿಟ್ಟವರು ಯಾರು ಅಂತಲೂ ಕೇಳಬಹುದಲ್ವಾ, ಹಾಗೆ.

ಮತ್ತೆ ಅದೇ ಅಪ್ಪ 15ಕ್ಕೆ ಮದುವೆ ಮಾಡಿದ ಅಪ್ಪನೂ ಹೌದು. ಎರಡೂ ಒಬ್ಬರೇ. ಮಗಳ ಕೈಗೆ ಮೊದಲು ತಾಳಿ, ಆಮೇಲೆ ಸ್ಲೈಡ್ ರೂಲ್. ಲಲಿತಾ ಅವರ ಬದುಕಿನಲ್ಲಿ ಗಂಡನಿಗಿಂತ ಹೆಚ್ಚು ಕಾಲ, ಹೆಚ್ಚು ಗಟ್ಟಿಯಾಗಿ ನಿಂತ ಗಂಡಸು ಈ ಅಪ್ಪ. ಆದರೆ ಹಾಗೆ ನಿಂತವರಿಗೆ ಮಗಳ ಮೇಲೆ ಒಂದು ಹಕ್ಕೂ ಇರುತ್ತೆ, ಅದು ಮುಂದೆ ಬರುತ್ತೆ.

ಗಿಂಡಿಯಲ್ಲಿ ಅವರಿಗೆ ಹಾಸ್ಟೆಲಿನಲ್ಲಿ ಜಾಗ ಕೊಟ್ಟರು. ಮಗುವನ್ನು ಹಾಸ್ಟೆಲಿನಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ಬಂಧುಗಳ ಮನೆಯಲ್ಲಿ ಬಿಟ್ಟಿದ್ದರು. ವಾರದ ಕೊನೆಗೆ ಹೋಗಿ ನೋಡಿಕೊಂಡು ಬರುತ್ತಿದ್ದರು. ಶನಿವಾರ ಬಂದ್ರೆ ನಾವು ಬ್ಯಾಗಿನ ತುಂಬ ಒಗೆಯೋ ಬಟ್ಟೆ ತುಂಬಿಕೊಂಡು ಅಮ್ಮನ ಹತ್ತಿರ ಹೋಗ್ತೀವಿ. ಇಲ್ಲಿ ಅಮ್ಮನೇ ಹಾಸ್ಟೆಲಿನಿಂದ ಬರಬೇಕು. ಆ ವಯಸ್ಸಿನ ಮಗು ನಡೆಯೋದು, ಮಾತು ಕಲಿಯೋದು ಎಲ್ಲಾ ವಾರದ ಮಧ್ಯದಲ್ಲೂ ನಡೆಯುತ್ತಲ್ಲ. ಬುಧವಾರ ಹೇಳಿದ ಹೊಸ ಪದವನ್ನು ಅಮ್ಮ ಶನಿವಾರ ಕೇಳಬೇಕು. ಸಂಜೆ ಮನೆಗೆ ಬರುವ ಕೆಲಸ ಬೇಕು ಅಂತ ಆರಿಸಿಕೊಂಡ ಓದು ಮೊದಲ ನಾಲ್ಕು ವರ್ಷ ಸಂಜೆಗಳನ್ನೇ ಕಿತ್ತುಕೊಂಡಿತು.

ನೂರಾರು ಹುಡುಗರ ಮಧ್ಯೆ ಒಬ್ಬರೇ ಹುಡುಗಿ. ಹುಡುಗರು ತೊಂದರೆ ಕೊಡಲಿಲ್ಲವಂತೆ, ಆದರೆ ಸಂಜೆಯ ಹಾಸ್ಟೆಲಿನ ಒಂಟಿತನ ಬೇರೆ. ಅದನ್ನು ನೋಡಿ ಇನ್ನೂ ಹುಡುಗಿಯರನ್ನು ಸೇರಿಸಿಕೊಳ್ಳೋಣ ಅಂತ ಕಾಲೇಜಿಗೆ ಹೇಳಿದವರೂ ಅಪ್ಪನೇ. ಹಾಗೆ ಬಂದವರು ಲೀಲಮ್ಮ ಜಾರ್ಜ್ ಮತ್ತು ಪಿ.ಕೆ. ತ್ರೇಸ್ಯಾ. ಇಬ್ಬರೂ ಈಗಿನ ಕೇರಳದ ಕಡೆಯವರು, ಇಬ್ಬರೂ ಸಿವಿಲ್. ಲಲಿತಾ ಅವರಿಗಿಂತ ಜೂನಿಯರ್. ಆದರೆ ಎರಡನೇ ಮಹಾಯುದ್ಧ ಶುರುವಾಗಿ ಇಂಜಿನಿಯರುಗಳು ಬೇಗ ಬೇಕಾಗಿದ್ದರಿಂದ ಕೋರ್ಸನ್ನು ಮೊಟಕು ಮಾಡಿದರು, ಮೂವರೂ 1943ರಲ್ಲಿ ಒಟ್ಟಿಗೇ ಮುಗಿಸಿದರು. ಡಿಗ್ರಿ ಸರ್ಟಿಫಿಕೇಟು ಗಂಡಸರಿಗೆಂದೇ ಪ್ರಿಂಟ್ ಆಗಿತ್ತು. ಹೀ ಅಂತ ಇದ್ದ ಕಡೆ ಪೆನ್ನಿನಲ್ಲಿ ಹೊಡೆದು ಶೀ ಅಂತ ಬರೆದುಕೊಟ್ಟರು.

ಈ ಮೂವರನ್ನ ಪಕ್ಕಪಕ್ಕ ಇಟ್ಟು ನೋಡಬೇಕು. ತ್ರೇಸ್ಯಾ ಮದುವೆಯಾಗಲೇ ಇಲ್ಲ, ಕೇರಳದ ಲೋಕೋಪಯೋಗಿ ಇಲಾಖೆಯಲ್ಲಿ ಏರುತ್ತಾ ಏರುತ್ತಾ 1971ರಲ್ಲಿ ಚೀಫ್ ಇಂಜಿನಿಯರ್ ಆದರು. ಲೀಲಮ್ಮ ತಿರುವಾಂಕೂರಿನಲ್ಲಿ ಕೆಲಸಕ್ಕೆ ಸೇರಿ, ನಗರ ಯೋಜನೆ ಕಲಿಯಲು ಇಂಗ್ಲೆಂಡಿಗೆ ಹೋಗಿ ಬಂದರು, ಮದುವೆಯೂ ಆದರು. ಇನ್ನೊಬ್ಬರು ನಮ್ಮವರೇ, ನಂಜನಗೂಡಿನಲ್ಲಿ 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ. ಲಲಿತಾಗಿಂತ ಮೂರೇ ವರ್ಷ ಚಿಕ್ಕವರು. ಅಮೆರಿಕದ ಮಿಚಿಗನ್‌ನಲ್ಲಿ ಪಿಎಚ್‌ಡಿ ಮುಗಿಸಿ, ಬೆಂಗಳೂರಿಗೆ ಬಂದು ಐಐಎಸ್‌ಸಿಯಲ್ಲಿ ಕೆಲಸಕ್ಕೆ ಸೇರಿ, 1953ರಲ್ಲಿ ಅಲ್ಲಿನ ಸಹೋದ್ಯೋಗಿಯನ್ನೇ ಮದುವೆಯಾದರು, ಇಬ್ಬರೂ ಕೂಡಿ ಮೈಕ್ರೋವೇವ್ ಸಂಶೋಧನೆ ಮಾಡಿದರು. ಯಾರ ಜೊತೆ ಬದುಕಬೇಕು, ಯಾವಾಗ ಅನ್ನೋದನ್ನ ಕೆಲಸ ಕೈಗೆ ಬಂದ ಮೇಲೆ ತೀರ್ಮಾನ ಮಾಡಲು ಅವರಿಗೆ ಆಯ್ತು. ಲಲಿತಾಗೆ ಆ ಪ್ರಶ್ನೆಗೆ ಉತ್ತರ ಎಸ್ಸೆಸ್ಸೆಲ್ಸಿಗೆ ಮೊದಲೇ ಬೇರೆಯವರು ಬರೆದು ಮುಗಿಸಿದ್ದರು.

ಡಿಗ್ರಿ ಆದ ಮೇಲೆ ಪ್ರಾಕ್ಟಿಕಲ್ ತರಬೇತಿ. ಬಿಹಾರದ ಜಮಾಲ್‌ಪುರದ ರೈಲ್ವೆ ವರ್ಕ್‌ಶಾಪ್, 1862ರಲ್ಲಿ ಶುರುವಾದದ್ದು. ಲಲಿತಾ ಅಲ್ಲಿ ಒಂದು ವರ್ಷ ಅಪ್ರೆಂಟಿಸ್. ಆಮೇಲೆ ಶಿಮ್ಲಾದ ಸೆಂಟ್ರಲ್ ಸ್ಟ್ಯಾಂಡರ್ಡ್ಸ್ ಆರ್ಗನೈಸೇಷನ್‌ನಲ್ಲಿ ಇಂಜಿನಿಯರಿಂಗ್ ಅಸಿಸ್ಟೆಂಟ್. ಶಿಮ್ಲಾ ಯಾಕೆ? ಅಲ್ಲಿ ಅವರ ಒಬ್ಬ ಸೋದರರ ಮನೆ ಇತ್ತು, ಮಗಳನ್ನು ಜೊತೆಗೆ ಇಟ್ಟುಕೊಂಡು ಬೆಳೆಸಬಹುದಿತ್ತು. ಮುಂದೆ 1948ರಲ್ಲಿ ಕಲ್ಕತ್ತಾದ ಅಸೋಸಿಯೇಟೆಡ್ ಎಲೆಕ್ಟ್ರಿಕಲ್ ಇಂಡಸ್ಟ್ರೀಸ್ ಸೇರಿದರು, ಬ್ರಿಟಿಷ್ ಕಂಪನಿ. ಕಲ್ಕತ್ತಾ ಯಾಕೆ? ಅಲ್ಲಿ ಇನ್ನೊಬ್ಬ ಸೋದರರ ಮನೆ.

ಅವರ ರೆಸ್ಯೂಮೆ ಮತ್ತು ಅಣ್ಣತಮ್ಮಂದಿರ ಅಡ್ರೆಸ್‌ಗಳು ಎರಡೂ ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. ನಾವು ಈಗ ಪ್ಯಾಕೇಜ್ ನೋಡಿ, ಲೊಕೇಶನ್ ನೋಡಿ ಆಫರ್ ಒಪ್ಪಿಕೊಳ್ತೀವಿ. ಲಲಿತಾ ನೋಡಬೇಕಾಗಿದ್ದು ಆ ಊರಿನಲ್ಲಿ ಮಗುವಿಗೆ ಊಟ ಹಾಕಿ ಶಾಲೆಗೆ ಕಳಿಸುವ ಮನೆ ಇದೆಯಾ ಅಂತ. ಗಂಡ ಹೋದ ಜಾಗವನ್ನು ತುಂಬಿದ್ದು ಇನ್ನೊಬ್ಬ ಗಂಡನಲ್ಲ, ಒಡಹುಟ್ಟಿದವರು. ಕಲ್ಕತ್ತಾದ ಮನೆಯಲ್ಲಿ ಮಗಳು ಮಾವನ ಮಕ್ಕಳ ಜೊತೆಯಲ್ಲೇ ಬೆಳೆದಳು. ಲಲಿತಾ ಆಫೀಸಿನಲ್ಲಿದ್ದಾಗ ಆ ಹುಡುಗಿಯನ್ನು ನೋಡಿಕೊಂಡದ್ದು ಸೋದರನ ಹೆಂಡತಿ. ಮೊದಲ ಮಹಿಳಾ ಇಂಜಿನಿಯರ್ ಕಥೆ ಹೇಳುವಾಗ ಅಪ್ಪನ ಹೆಸರು ಬರುತ್ತೆ, ಪ್ರಿನ್ಸಿಪಾಲರ ಹೆಸರು ಬರುತ್ತೆ, ಸ್ಟ್ಯಾಥಮ್ ಸಾಹೇಬರ ಹೆಸರೂ ಬರುತ್ತೆ. ದಿನಾ ಮಗುವಿಗೆ ಜಡೆ ಹಾಕಿ ಕಳಿಸಿದ ಆ ಹೆಂಗಸು ಯಾವ ಪೋಸ್ಟರಿನಲ್ಲೂ ಇಲ್ಲ. ನನಗೆ ಕೇಳಿದರೆ ಭಾಕ್ರಾ ಅಣೆಕಟ್ಟಿನ ಕ್ರೆಡಿಟ್‌ನಲ್ಲಿ ಅವರಿಗೂ ಒಂದು ಪಾಲಿದೆ.

ಶಿಮ್ಲಾ ಮತ್ತು ಕಲ್ಕತ್ತಾ ನಡುವೆ ಒಂದು ಅಧ್ಯಾಯವಿದೆ, ಅಪ್ಪನ ಹಕ್ಕು ಅಂದೆನಲ್ಲ, ಅದು. ಸುಬ್ಬಾರಾವ್ ಅವರಿಗೆ ಏನಾದರೂ ಹೊಸದು ಕಂಡುಹಿಡಿಯುವ ಹುಚ್ಚು. ವಿದ್ಯುತ್ತಿನ ಸಂಗೀತವಾದ್ಯ ಒಂದು, ಅದಕ್ಕೆ ಜೆಲೆಕ್ಟ್ರೋಮೋನಿಯಂ ಅಂತ ಹೆಸರಿಟ್ಟಿದ್ದರು. ಹೊಗೆಯಿಲ್ಲದ ಒಲೆ, ವಿದ್ಯುತ್ತಿನಿಂದ ಜ್ವಾಲೆ ಬರಿಸುವ ಸಾಧನ, ಹೀಗೆ ಪೇಟೆಂಟುಗಳಿದ್ದವು. ಅಪ್ಪ ಕರೆದರು ಅಂತ ಲಲಿತಾ ಸಂಬಳದ ಕೆಲಸ ಬಿಟ್ಟು ಮದರಾಸಿಗೆ ಬಂದು ಅವರ ಸಂಶೋಧನೆಗೆ ಸಹಾಯಕ್ಕೆ ನಿಂತರು. ಒಂಬತ್ತು ತಿಂಗಳು ಮಾಡಿದರು. ಬೆಳೆಯುತ್ತಿರುವ ಮಗಳಿದ್ದಾಳೆ, ಕೈಯಲ್ಲಿ ದುಡ್ಡು ಬೇಕು. ಮತ್ತೆ ಕೆಲಸ ಹುಡುಕಿದರು. ಇದರಲ್ಲಿ ಜಗಳ ಏನೂ ಆದ ಹಾಗಿಲ್ಲ. ಆದರೂ ಇದು ಮುಖ್ಯವಾದ ತಿರುವು ಅಂತ ನನಗನಿಸುತ್ತೆ. ಅಪ್ಪನ ಮಗಳಾಗಿರುವುದು ಒಂದು ಕಡೆ, ಮಗಳ ಅಮ್ಮನಾಗಿರುವುದು ಇನ್ನೊಂದು ಕಡೆ. ಅವರು ಎರಡನೆಯದರ ಕಡೆ ಹೋದರು.

ಕಲ್ಕತ್ತಾದ ಕೆಲಸದ ಬಗ್ಗೆ ಇಇಇ ಬ್ರಾಂಚಿನವರಿಗೆ ಹೇಳಬೇಕು. ಟ್ರಾನ್ಸ್‌ಮಿಷನ್ ಲೈನ್ ಡಿಸೈನ್, ಸಬ್‌ಸ್ಟೇಷನ್ ಲೇಔಟ್, ಪ್ರೊಟೆಕ್ಟಿವ್ ಗೇರ್. ಅಂದರೆ ಲೈನಿನಲ್ಲಿ ಫಾಲ್ಟ್ ಆದಾಗ ಯಾವ ರಿಲೇ ಎಷ್ಟು ಹೊತ್ತಿಗೆ ಟ್ರಿಪ್ ಆಗಬೇಕು, ಯಾವ ಬ್ರೇಕರ್ ತೆರೆಯಬೇಕು ಅಂತ ಕಾಗದದ ಮೇಲೆ ಮೊದಲೇ ಕೂತು ಯೋಚಿಸುವ ಕೆಲಸ. ನಾವು ಆರನೇ ಸೆಮ್‌ನಲ್ಲಿ ಓದಿ ಏಳನೇ ಸೆಮ್‌ನಲ್ಲಿ ಮರೆಯುವ ಸಬ್ಜೆಕ್ಟು. ಸಟ್ಲೆಜ್ ನದಿಯ ಭಾಕ್ರಾ ನಂಗಲ್ ಯೋಜನೆಯ ಜನರೇಟರುಗಳ ಕೆಲಸ ಇವರ ಮೇಜಿಗೆ ಬಂತು. ಭಾಕ್ರಾ ಅಣೆಕಟ್ಟು ಸುಮಾರು 226 ಮೀಟರ್ ಎತ್ತರ, 1963ರ ಅಕ್ಟೋಬರಿನಲ್ಲಿ ನೆಹರೂ ಅದನ್ನು ದೇಶಕ್ಕೆ ಅರ್ಪಿಸಿದರು. ಆ ಫೋಟೋಗಳಲ್ಲಿ ಲಲಿತಾ ಇಲ್ಲ. ಲಂಡನ್ನಿನ ಇನ್‌ಸ್ಟಿಟ್ಯೂಷನ್ ಆಫ್ ಎಲೆಕ್ಟ್ರಿಕಲ್ ಇಂಜಿನಿಯರ್ಸ್ 1953ರಲ್ಲಿ ಅವರನ್ನು ಅಸೋಸಿಯೇಟ್ ಮೆಂಬರ್ ಮಾಡಿಕೊಂಡಿತು, 1966ರಲ್ಲಿ ಪೂರ್ಣ ಮೆಂಬರ್.

ಮರುಮದುವೆಯ ವಿಷಯಕ್ಕೆ ಬರ್ತೀನಿ. ಹದಿನೆಂಟರಿಂದ ಅರವತ್ತರವರೆಗೆ, 42 ವರ್ಷ ಲಲಿತಾ ಒಂಟಿಯಾಗಿಯೇ ಇದ್ದರು. ಇದನ್ನ ತ್ಯಾಗ ಅಂತ ಬರೆಯುವವರು ಇದ್ದಾರೆ. ಮಗಳಿಗಾಗಿ ತನ್ನ ಬದುಕನ್ನೇ ಮುಡಿಪಾಗಿಟ್ಟ ತಾಯಿ, ಆ ಥರ. ಹೆಂಗಸರ ಜೀವನಚರಿತ್ರೆ ಬರೆಯುವಾಗ ಈ ಮುಡಿಪು ಅನ್ನೋ ಪದ ಅದೆಲ್ಲಿಂದಲೋ ಬಂದು ಕೂತುಬಿಡುತ್ತೆ, ಗಂಡಸರ ಚರಿತ್ರೆಯಲ್ಲಿ ದೇಶಕ್ಕೆ ಮಾತ್ರ ಮುಡಿಪಾಗಿರ್ತಾರೆ. ಮಗಳು ಒಮ್ಮೆ ನೇರವಾಗಿ ಕೇಳಿದಾಗ ಲಲಿತಾ ಕೊಟ್ಟ ಉತ್ತರದಲ್ಲಿ ಕಣ್ಣೀರಿನ ಛಾಯೆಯೇ ಇಲ್ಲ. ಮತ್ತೆ ಒಬ್ಬ ಮುದುಕನನ್ನು ನೋಡಿಕೊಳ್ಳೋದಾ, ನನಗೆ ಬೇಡವೇ ಬೇಡ ಅನ್ನೋ ಅರ್ಥದಲ್ಲಿ ತಮಾಷೆಯಾಗಿ ಹೇಳಿ ಮಾತು ಮುಗಿಸಿದರಂತೆ.

ನಾನು ಈ ಉತ್ತರದ ಬಗ್ಗೆ ಬಹಳ ಯೋಚಿಸಿದೆ. ನಗು ಬರುತ್ತೆ, ಆದರೆ ಅದರೊಳಗೆ ಲೆಕ್ಕವೂ ಇದೆ. ಮಗುವಿರುವ ವಿಧವೆಯನ್ನು ಆ ಕಾಲದಲ್ಲಿ ಮದುವೆಯಾಗಲು ಒಪ್ಪುವವನು ಹೆಚ್ಚಾಗಿ ಹೆಂಡತಿ ಸತ್ತ, ವಯಸ್ಸಾದ, ಮನೆ ನೋಡಿಕೊಳ್ಳಲು ಯಾರಾದರೂ ಬೇಕಾದ ಗಂಡಸೇ ಆಗಿರುತ್ತಿದ್ದ. ಲಲಿತಾಗೆ ದಾಂಪತ್ಯ ಅಂದ್ರೆ ಗೊತ್ತಿದ್ದದ್ದು 15ರಿಂದ 18ರ ನಡುವಿನ ಮೂರು ವರ್ಷ, ಅದೂ ಅತ್ತೆಮನೆಯ ಸೊಸೆಯಾಗಿ. ಅದರಲ್ಲಿ ಅವರು ಕಂಡದ್ದು ಬೇರೆಯವರನ್ನು ನೋಡಿಕೊಳ್ಳುವ ಕೆಲಸ. ಆಮೇಲೆ ಸಿಕ್ಕಿದ್ದು ತನ್ನದೇ ಸಂಬಳ, ತನ್ನದೇ ಮೇಜು, ಸಂಜೆ ಮನೆಗೆ ಬಂದರೆ ಮಗಳು. ಎರಡನ್ನೂ ತಕ್ಕಡಿಯಲ್ಲಿ ಇಟ್ಟರೆ ಯಾವ ಕಡೆ ಭಾರ? ಹಾಗಂತ ಇದು ಪೂರ್ತಿ ಅವರ ಆಯ್ಕೆ ಅಂತ ಹೇಳಿ ಚಪ್ಪಾಳೆ ತಟ್ಟೋದೂ ಸುಲಭದ ದಾರಿಯೇ. ಬಾಗಿಲು ಮುಚ್ಚಿರುವ ಕೋಣೆಯಲ್ಲಿ ಕೂತವರು ನನಗೆ ಹೊರಗೆ ಹೋಗುವ ಮನಸ್ಸೇ ಇಲ್ಲ ಅಂದ್ರೆ ಅದು ನಿಜವೂ ಇರಬಹುದು, ಬಾಗಿಲು ಮುಚ್ಚಿದ್ದೂ ಅಷ್ಟೇ ನಿಜ. ಪ್ರೀತಿಸಿ ಒಬ್ಬನನ್ನು ಆರಿಸಿಕೊಳ್ಳುವ ವಯಸ್ಸು ಬಂದಾಗ ಅವರಿಗೆ ಆ ಅವಕಾಶ ಇರಲಿಲ್ಲ, ಅವಕಾಶ ಸ್ವಲ್ಪ ತೆರೆದುಕೊಂಡ ಕಾಲಕ್ಕೆ ಅದು ಅವರಿಗೆ ಬೇಕಾಗಿರಲಿಲ್ಲ.

ಅಪ್ಪನಿಲ್ಲ ಅನ್ನೋದು ಬೆಳೆಯುವಾಗ ಗೊತ್ತೇ ಆಗದ ಹಾಗೆ ಅಮ್ಮ ನೋಡಿಕೊಂಡರು ಅಂತ ಮಗಳು ಮುಂದೆ ಹೇಳಿದ್ದಾರೆ. ಜನ ನಮ್ಮ ಬದುಕಿಗೆ ಯಾವುದೋ ಕಾರಣಕ್ಕೆ ಬರ್ತಾರೆ, ಆ ಕೆಲಸ ಮುಗಿದ ಮೇಲೆ ಹೋಗ್ತಾರೆ ಅನ್ನೋದು ಲಲಿತಾ ಅವರ ನಂಬಿಕೆಯಾಗಿತ್ತಂತೆ. ಅತ್ತೆಯನ್ನಾಗಲಿ, ಹಣೆಬರಹವನ್ನಾಗಲಿ ಹಳಿಯುತ್ತಾ ಕೂರಲಿಲ್ಲ. ಹದಿನೆಂಟಕ್ಕೇ ಅಷ್ಟೆಲ್ಲಾ ಕಳೆದುಕೊಂಡವರಿಗೆ ಅಂಥದ್ದೊಂದು ನಂಬಿಕೆ ಬೇಕೇ ಬೇಕಿತ್ತೇನೋ. ತಾಯಿ ಮಗಳ ನಡುವೆ ಹದಿನೆಂಟೇ ವರ್ಷದ ಅಂತರ. ಅವರು ಹೆಚ್ಚೂಕಡಿಮೆ ಒಟ್ಟಿಗೇ ಬೆಳೆದವರು, ಒಬ್ಬರು ಅಕ್ಷರ ಕಲಿಯುವಾಗ ಇನ್ನೊಬ್ಬರು ಆಲ್ಟರ್ನೇಟರ್ ಕಲಿಯುತ್ತಾ.

ಮಗಳು ದೊಡ್ಡವಳಾದ ಮೇಲೆ ಲಲಿತಾ ಪ್ರಪಂಚ ನೋಡಲು ಹೊರಟರು. 1964ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ ಮಹಿಳಾ ಇಂಜಿನಿಯರುಗಳ ಮತ್ತು ವಿಜ್ಞಾನಿಗಳ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು, 35 ದೇಶಗಳಿಂದ ಬಂದಿದ್ದರು. ಭಾರತದಲ್ಲಿ ಆಗ ಮಹಿಳಾ ಇಂಜಿನಿಯರುಗಳ ಸಂಘವೇ ಇರಲಿಲ್ಲ, ಹಾಗಾಗಿ ಇವರು ಯಾರ ಪ್ರತಿನಿಧಿಯೂ ಅಲ್ಲದೆ ಸ್ವಂತವಾಗಿ ಹೋದರು. ವಯಸ್ಸು 44. ಅಲ್ಲಿನ ಪತ್ರಿಕೆಯವರು ಮಾತಾಡಿಸಿದಾಗ, ಒಂದೂವರೆ ಶತಮಾನ ಹಿಂದೆ ಹುಟ್ಟಿದ್ದರೆ ಗಂಡನ ಚಿತೆಯಲ್ಲಿ ತನ್ನನ್ನೂ ಸುಟ್ಟುಬಿಡುತ್ತಿದ್ದರು ಅಂತ ಅವರು ಹೇಳಿದ್ದು ಅಚ್ಚಾಯಿತು. ಅಮೆರಿಕದವರಿಗೆ ಇದು ರೋಚಕ ಸುದ್ದಿಯಾಗಿರಬೇಕು. ಆದರೆ ನಾಲ್ಕು ತಿಂಗಳ ಮಗುವಿದ್ದ ಹುಡುಗಿ ಈ ಮಾತು ಹೇಳಿದಳು ಅಂತ ನೆನಪಿಟ್ಟುಕೊಂಡು ಓದಿದರೆ ಅದು ಬರೀ ಸುದ್ದಿ ಅಲ್ಲ.

ಅಲ್ಲಿಂದ ಇಂಗ್ಲೆಂಡಿಗೂ ಹೋದರು, 1965ರಲ್ಲಿ ಅಲ್ಲಿನ ವಿಮೆನ್ಸ್ ಇಂಜಿನಿಯರಿಂಗ್ ಸೊಸೈಟಿಯ ಪೂರ್ಣ ಸದಸ್ಯೆಯಾದರು. 1967ರಲ್ಲಿ ಎರಡನೇ ಸಮ್ಮೇಳನ ಕೇಂಬ್ರಿಜ್‌ನಲ್ಲಿ ಆದಾಗ ಭಾರತದಿಂದ ಐವರು ಮಹಿಳೆಯರು ಹೋಗುವ ಹಾಗೆ ಓಡಾಡಿದರು. ಅಪ್ಪ, ಅಣ್ಣತಮ್ಮಂದಿರು, ಮಗಳು, ಇವರೆಲ್ಲ ರಕ್ತಸಂಬಂಧ. ಗಿಂಡಿಯ ಇಬ್ಬರು ಗೆಳತಿಯರನ್ನೂ ಅಪ್ಪನೇ ಹುಡುಕಿಕೊಟ್ಟದ್ದು. ನಲವತ್ತು ದಾಟಿದ ಮೇಲೆ, ಮಗಳ ಜವಾಬ್ದಾರಿ ಹಗುರಾದ ಮೇಲೆ, ಅವರು ತಾವಾಗಿಯೇ ಹುಡುಕಿಕೊಂಡು ಹೋಗಿ ಕಟ್ಟಿಕೊಂಡ ಸಂಬಂಧ ಅಂದ್ರೆ ಈ ಬೇರೆ ಬೇರೆ ದೇಶದ ಇಂಜಿನಿಯರ್ ಹೆಂಗಸರದ್ದು. ನಾವು ಫಸ್ಟ್ ಇಯರ್ ಓರಿಯಂಟೇಶನ್ ದಿನವೇ ಮಾಡಿಕೊಳ್ಳುವ ಫ್ರೆಂಡ್ಸ್ ಗ್ಯಾಂಗ್ ಅವರಿಗೆ 44ಕ್ಕೆ ಸಿಕ್ಕಿತು.

ಕಂಪನಿಯನ್ನು ಆ ಹೊತ್ತಿಗೆ ಜಿಇಸಿ ಕೊಂಡುಕೊಂಡಿತು. ಲಲಿತಾ ಕಲ್ಕತ್ತಾದಲ್ಲೇ ಮುಂದುವರಿದು 1977ರಲ್ಲಿ ರಿಟೈರ್ ಆದರು. ಅದರ ಮರುವರ್ಷ, 1978ರಲ್ಲಿ, ಹುಡುಗಿಯ ಮದುವೆ ವಯಸ್ಸನ್ನು ಸಂಸತ್ತು 18ಕ್ಕೆ ಏರಿಸಿತು. 1979ರ ಅಕ್ಟೋಬರ್ 12ರಂದು, ಮಿದುಳಿನ ರಕ್ತನಾಳ ಊದಿಕೊಳ್ಳುವ ಅನ್ಯೂರಿಸಂ ತೊಂದರೆಯಿಂದ ಲಲಿತಾ ತೀರಿಕೊಂಡರು. 60 ವರ್ಷವಾಗಿತ್ತು. ಆ ನಾಲ್ಕು ತಿಂಗಳ ಮಗುವಿಗೆ ಆಗ 42. ಆಕೆ ಆರಿಸಿಕೊಂಡದ್ದು ಗಣಿತ ಪಾಠ ಹೇಳುವ ಕೆಲಸ.